ವಿಶ್ವವಿದ್ಯಾನಿಲಯದ ಕಚೇರಿಗಳೂ ಗಡಿನಾಡ ಕನ್ನಡಿಗರೂ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಹಾಗೂ ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅಲ್ಲಿನ ಕನ್ನಡಿಗರದೂ ನಮ್ಮದೇ ಪಾಡು: ಮನೆಯ ಮಾತೊಂದು, ಕಚೇರಿಯ ಮಾತೊಂದು.

ಉನ್ನತ ಶಿಕ್ಷಣಕ್ಕೆ ಅವರ ಮಕ್ಕಳು ಗಡಿ ದಾಟಿ ಕಲಬುರಗಿಗೆ ಹೋದರೆ ನಮ್ಮವರು ಮಂಗಳೂರಿಗೆ ಹೋಗುತ್ತಾರೆ. ರಾಜ್ಯ ಬದಲಾದೊಡನೆ ಮೈಗ್ರೇಶನ್ ಸರ್ಟಿಫಿಕೇಟ್, ಅರ್ಹತಾ ಪತ್ರ ಮೊದಲಾದ ಕಾಗದಗಳ ಅಗತ್ಯ ಬೀಳುತ್ತದೆ. ಕಡತ ಮೇಜಿನಿಂದ ಮೇಜಿಗೆ ಸರಿಯಬೇಕಾದರೆ ಕೈ ಬೆಚ್ಚಗೆ ಮಾಡಬೇಕೆಂಬ ದೂರು ಎಲ್ಲ ರಾಜ್ಯಗಳಲ್ಲೂ ಇದೆ. ಪ್ರವೇಶದ ಕೊನೆಯ ದಿನ ಹತ್ತಿರವಾದಷ್ಟೂ ಕೇಳುವವನ ಬಲ ಹೆಚ್ಚುತ್ತದೆ.

ಲಂಚ ಪಡೆಯುವವರು ಯಾರು? ಎಳೆಯರೋ ಹಿರಿಯರೋ, ಗಂಡಸರೋ ಹೆಂಗಸರೋ, ಸಂಬಳ ಸಾಲದ ಗುಮಾಸ್ತರೋ ಎಂದು ವಿದ್ವಾಂಸರು ಶೋಧಿಸಿದ್ದಾರೆ. ಮೆಲ್ಬರ್ನ್, ದೆಹಲಿ, ಜಕಾರ್ತಾ, ಸಿಂಗಾಪುರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ತ್ರೀಯರು ಲಂಚವನ್ನು ಪುರುಷರಷ್ಟು ಸಹಿಸರೆಂಬುದು ಮೆಲ್ಬರ್ನಿನಲ್ಲಿ ಮಾತ್ರ ಕಂಡುಬಂತು. ಉಳಿದೆಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ವಿದ್ಯೆ, ಸಂಬಳಗಳೇ ಕಾರಣವೆನ್ನೋಣವೆಂದರೆ, 2023ರ ಜೂನ್ ತಿಂಗಳಲ್ಲಿ ತೆಲಂಗಾಣ ವಿಶ್ವವಿದ್ಯಾನಿಲಯದ ಅಂದಿನ ಕುಲಪತಿಯವರನ್ನೇ 50,000 ರೂಪಾಯಿ ಲಂಚದ ಆರೋಪದ ಮೇಲೆ ಭ್ರಷ್ಟಾಚಾರ ನಿಗ್ರಹ ದಳ ಬಂಧಿಸಿತು. ಪರೀಕ್ಷಾ ಕೇಂದ್ರವೊಂದರ ಮಂಜೂರಾತಿಗೆ ಸಂಬಂಧಿಸಿದ ಆರೋಪವದು.

ಆದುದರಿಂದ ನೌಕರನ ವಯಸ್ಸು, ಲಿಂಗ, ಜಾತಿಗಳನ್ನು ಎಣಿಸಿ ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಧಿಕಾರ ಒಬ್ಬನದೇ ಆಗಿ, ತೀರ್ಮಾನ ಅವನ ಮರ್ಜಿಗೆ ಬಿಟ್ಟು, ಕೇಳುವವರಿಲ್ಲದಿದ್ದರೆ ಭ್ರಷ್ಟಾಚಾರ ಬೆಳೆಯುತ್ತದೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಕ್ಲಿಟ್‌ಗಾರ್ಡ್ 1988ರಲ್ಲೇ ಬರೆದರು. ಎಣಿಸಬೇಕಾದುದು ಕಿಟಕಿಯ ಹೊರಗೆ ನಿಂತವರನ್ನು. ದೂರದಿಂದ ಬಂದ, ಫಾರಮಿನ ಭಾಷೆ ತಿಳಿಯದ, ಶಿಫಾರಸಿಗೆ ಪರಿಚಿತರಿಲ್ಲದ ಅಲ್ಪಸಂಖ್ಯಾತ ವಿದ್ಯಾರ್ಥಿಗೆ "ನಾಳೆ ಬಾ" ಎಂದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋದಂತೆ. ಲಂಚ ಅದಕ್ಕಿಂತ ಅಗ್ಗವೆಂದು ತಂದೆತಾಯಿಗೆ ತೋರುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರಶ್ನೆ ಶಾಲೆಯ ಬಾಗಿಲಲ್ಲಿ ಮುಗಿಯುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಕೊಡುವುದೂ ಅಪರಾಧವೆಂಬುದನ್ನು ನಾವು ಮರೆಯಬಾರದು. 2018ರ ತಿದ್ದುಪಡಿಯ ಪ್ರಕಾರ, ಬಲವಂತಕ್ಕೆ ಲಂಚ ಕೊಟ್ಟವರು 7 ದಿನಗಳೊಳಗೆ ತನಿಖಾ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ರಕ್ಷಣೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ, ಕಡತ ಎಲ್ಲಿದೆಯೆಂದು 10 ರೂಪಾಯಿ ಕಟ್ಟಿ ಕೇಳಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ವಿದ್ಯಾರ್ಥಿಗಳ ದೂರು ವಿಚಾರಿಸಲು ಪ್ರತಿ ವಿಶ್ವವಿದ್ಯಾನಿಲಯವೂ ಓಂಬುಡ್ಸ್‌ಪರ್ಸನ್ನರನ್ನು ನೇಮಿಸಬೇಕೆಂದು ಯು.ಜಿ.ಸಿ. 2023ರಲ್ಲಿ ನಿಯಮ ಮಾಡಿದೆ.

ಇವುಗಳ ವಿವರ, ಪ್ರತಿ ಪ್ರಮಾಣಪತ್ರದ ಶುಲ್ಕ ಹಾಗೂ ಅದು ದೊರೆಯಬೇಕಾದ ದಿನ, ಇಷ್ಟನ್ನು ಗಡಿಭಾಗದ ವಿಶ್ವವಿದ್ಯಾನಿಲಯಗಳು ಕನ್ನಡದಲ್ಲೂ ಬರೆದು ಕಿಟಕಿಯ ಮೇಲೆ ತೂಗಹಾಕಲಿ. ಖರ್ಚು ಒಂದು ಹಲಗೆಯದು ಮಾತ್ರ. ಸಂಬಂಧಪಟ್ಟವರು ಅಷ್ಟನ್ನಾದರೂ ಮಾಡಬೇಕೆಂದು ನಮ್ಮ ಆಗ್ರಹ.