ಯಂತ್ರದ ದನಿಯೂ ಬೆರಳಿನ ದನಿಯೂ

ಗಿಟಾರ್ ಸಿಂಥೆಸೈಜರ್ ಎಂಬ ವಾದ್ಯದ ಬಗ್ಗೆ ನಮ್ಮ ಸಂಗೀತ ರಸಿಕರಲ್ಲಿ ಒಂದು ಬಗೆಯ ತಾತ್ಸಾರವಿದೆ. ತಂತಿ ಮೀಟಿದರೆ ಕೊಳಲು ಕೇಳಿಸುತ್ತದೆ, ಪಿಟೀಲು ಕೇಳಿಸುತ್ತದೆ, ಒಮ್ಮೊಮ್ಮೆ ಯಾವ ಲೋಕದ್ದೆಂದು ತಿಳಿಯದ ದನಿಯೂ ಹೊರಡುತ್ತದೆ. ಹೀಗಿರುವಾಗ ನುಡಿಸುವವನದೇನು, ಎಲ್ಲವೂ ಯಂತ್ರದ್ದೇ ತಾನೆ ಎಂಬುದು ಅವರ ವಾದ. ವಾದ್ಯವನ್ನು ಎದುರಿಗೆ ಕುಳಿತು ಕೇಳಿದವರು ಹೀಗೆ ಹೇಳುವುದು ಕಡಮೆ. ಧ್ವನಿಮುದ್ರಿಕೆಯನ್ನಷ್ಟೇ ಕೇಳಿದವರು ಹೇಳಿದರೆ ಅವರನ್ನು ದೂರುವಂತೆಯೂ ಇಲ್ಲ. ಏಕೆಂದರೆ ಈ ವಾದ್ಯವನ್ನು ನುಡಿಸುವವರಲ್ಲಿ ಬಹುಮಂದಿ ಮುದ್ರಿಸಿಕೊಳ್ಳುವುದು ಯಂತ್ರದ ದನಿಯನ್ನು ಮಾತ್ರ. ಬೆರಳಿನ ಕೆಲಸ ಅಲ್ಲಿಗೇ ಕಳೆದುಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿ ಮನೆಯ ಸಾಧಾರಣ ಗಣಕಯಂತ್ರದಲ್ಲಿಯೇ ಇದೆ, ಮುಕ್ತ ತಂತ್ರಾಂಶಗಳ ರೂಪದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮೂವತ್ತೆರಡು ವರ್ಷ ವಿಜ್ಞಾನ ಬೋಧಿಸಿದವನ ಚಾಳಿಯನ್ನು ಓದುಗ ಮಿತ್ರರು ಕ್ಷಮಿಸಬೇಕು; ಯಂತ್ರದ ಒಳಗನ್ನು ವಿವರಿಸದೆ ಅಭಿಪ್ರಾಯವನ್ನು ಮುಂದುವರಿಸಲಾರೆ.

ತಂತಿಗಳು ಹಾಯುವ ಕುದುರೆಯ ಪಕ್ಕದಲ್ಲಿ ತೆಳುವಾದ ಒಂದು ವಿಶೇಷ ಪಿಕಪ್ಪನ್ನು ಕೂರಿಸಿರುತ್ತಾರೆ. ಮಾಮೂಲು ಪಿಕಪ್ ಆರೂ ತಂತಿಗಳ ಕಂಪನವನ್ನು ಕೂಡಿಸಿ ಒಂದೇ ಸಂಕೇತವನ್ನಾಗಿ ಕೊಡುತ್ತದೆ. ಇದಾದರೋ ಆರನ್ನೂ ಬೇರೆಬೇರೆಯಾಗಿಯೇ ಕೊಡುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಮಾದರಿಗಳಲ್ಲಿ ಈ ಸಂಕೇತಗಳು ಹದಿಮೂರು ಪಿನ್ನುಗಳ ದಪ್ಪ ಕೇಬಲ್ಲಿನ ಮೂಲಕ ನೆಲದ ಮೇಲಿನ ಪೆಟ್ಟಿಗೆಗೆ ಹೋಗುತ್ತವೆ. ಪೆಟ್ಟಿಗೆಯು ಪ್ರತಿಯೊಂದು ತಂತಿಯ ಆವರ್ತಾಂಕವನ್ನು ಅಳೆದು, ಇದು ಇಂಥ ಸ್ವರವೆಂದು ನಿರ್ಣಯಿಸಿ, ತನ್ನೊಳಗಿನ ಕೊಳಲನ್ನೋ ಪಿಟೀಲನ್ನೋ ಆ ಸ್ವರದಲ್ಲಿ ನುಡಿಸುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿಯು ತನ್ನ ಮೊದಲ ಗಿಟಾರ್ ಸಿಂಥೆಸೈಜರ್ ಜಿಆರ್-500 ಅನ್ನು ಹೊರತಂದದ್ದು 1977ರಲ್ಲಿ. ಅದರ ಬಳಿಕ ಬಂದ ಜಿಆರ್-300 ಅನ್ನು ಅಮೆರಿಕದ ಪ್ಯಾಟ್ ಮೆಥೆನಿ ಎಷ್ಟರಮಟ್ಟಿಗೆ ತಮ್ಮದಾಗಿಸಿಕೊಂಡರೆಂದರೆ, 1982ರ 'ಆಫ್‌ರ‍್ಯಾಂಪ್' ಆಲ್ಬಮ್ಮನ್ನು ಕೇಳಿದವರಿಗೆ ಆ ದನಿ ಯಂತ್ರದ್ದೆನ್ನುವುದಕ್ಕಿಂತ ಮೆಥೆನಿಯವರದೆಂದೇ ತೋರುತ್ತದೆ.

ಮಹಾಭಾರತವನ್ನು ಬರೆದುಕೊಳ್ಳಲು ಕುಳಿತ ಗಣಪತಿಯ ಕಥೆ ಎಲ್ಲರಿಗೂ ತಿಳಿದದ್ದೇ. ನಡುವೆ ನಿಲ್ಲಿಸಬಾರದೆಂದು ಅವನು ಷರತ್ತು ಹಾಕಿದನಂತೆ. ಅರ್ಥ ತಿಳಿಯದೆ ಬರೆಯಬಾರದೆಂದು ವ್ಯಾಸರು ಮರುಷರತ್ತು ಹಾಕಿದರಂತೆ. ಕ್ಲಿಷ್ಟವಾದ ಶ್ಲೋಕ ಬಂದಾಗ ಗಣಪತಿಯೂ ಒಂದು ಕ್ಷಣ ತಡೆಯಬೇಕಾಯಿತು. ಈ ಪೆಟ್ಟಿಗೆಯ ಪಾಡೂ ಅದೇ. ಗಿಟಾರಿನ ಅತ್ಯಂತ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನ ಪೂರ್ಣವಾಗಲು 12 ಮಿಲಿಸೆಕೆಂಡು ಬೇಕು. ಅಷ್ಟನ್ನಾದರೂ ನೋಡದೆ ಸ್ವರ ಯಾವುದೆಂದು ತೀರ್ಮಾನಿಸುವುದು ಹೇಗೆ? ತೆಳುವಾದ ಮೊದಲ ತಂತಿಯಾದರೆ ಸುಮಾರು 330 ಸಲ ಕಂಪಿಸುವುದರಿಂದ 3 ಮಿಲಿಸೆಕೆಂಡಿನಲ್ಲಿ ಒಂದು ಸುತ್ತು ಮುಗಿಯುತ್ತದೆ. ಆದ್ದರಿಂದಲೇ ಮಂದ್ರದಲ್ಲಿ ಈ ವಾದ್ಯ ತುಸು ತಡವರಿಸುತ್ತದೆ, ತಾರದಲ್ಲಿ ಚುರುಕಾಗಿರುತ್ತದೆ. ಬೆರಳು ಅಕ್ಕಪಕ್ಕದ ತಂತಿಗೆ ತಾಕಿದರೆ ಇಲ್ಲದ ಸ್ವರವೊಂದನ್ನು ಊಹಿಸಿಕೊಂಡು ಬಿಡುವುದೂ ಉಂಟು. ಅಂದರೆ ನಾವು ಕೇಳುವ ಕೊಳಲಿನ ದನಿಯು ಬೆರಳಿನ ಕೆಲಸಕ್ಕೆ ಯಂತ್ರವು ಬರೆದ ವ್ಯಾಖ್ಯಾನ. ವ್ಯಾಖ್ಯಾನ ಸೊಗಸಾಗಿರಬಹುದು. ಆದರೆ ತಾಳೆಗರಿಯ ಪ್ರತಿಯನ್ನು ಒಲೆಗೆ ಹಾಕಿ ವ್ಯಾಖ್ಯಾನವನ್ನಷ್ಟೇ ಕಪಾಟಿನಲ್ಲಿಡುವ ವಿದ್ವಾಂಸರನ್ನು ನಾನಂತೂ ಕಂಡಿಲ್ಲ.

ಆದುದರಿಂದ ಮುದ್ರಿಸುವಾಗ ಮೂರನ್ನು ಒಟ್ಟಿಗೆ ಹಿಡಿಯಬೇಕು. ಸಿಂಥೆಸೈಜರಿನ ದನಿ ಒಂದು. ಅದು ಹೇಗೂ ಬೇಕು. ಮಾಮೂಲು ಪಿಕಪ್ಪಿನಿಂದ ಬರುವ, ಯಾವ ಅಲಂಕಾರವೂ ಇಲ್ಲದ ಗಿಟಾರಿನ ಬರಿಯ ದನಿ ಇನ್ನೊಂದು. ಮೂರನೆಯದು ಮಿಡಿ. 1983ರಲ್ಲಿ ಬಳಕೆಗೆ ಬಂದ ಈ ಸಂಕೇತಪದ್ಧತಿಯಲ್ಲಿ ದನಿಯೇ ಇರುವುದಿಲ್ಲ; ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಬಲವಾಗಿ ಎಂಬ ವಿವರವಷ್ಟೇ ಇರುತ್ತದೆ. (ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಕನ್ನಡದಲ್ಲಿ ತಂತಿಯನ್ನು ಮೀಟುವ ಕ್ರಿಯೆಗೇ ಒದಗಿಬಂದದ್ದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಮಾವಿನ ಮಿಡಿಯನ್ನು ನೆನೆಯುವವರು ನೆನೆಯಲಿ.)

ಈ ವಿಚಾರ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನೊಡನೆ ಬಹುಕಾಲ ಕೆಲಸ ಮಾಡಿದ ಚಿತ್ರಕಲಾ ಶಿಕ್ಷಕರೊಬ್ಬರು ನಿವೃತ್ತಿಯ ಬಳಿಕ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು. ಯಾರೋ ಮಾರಿದ ಹಳೆಯ ಸಿಂಥೆಸೈಜರ್ ಪೆಟ್ಟಿಗೆಯನ್ನು 2006ರಲ್ಲಿ ಕೊಂಡು, ಕೊಳಲಿನ ದನಿಯಲ್ಲಿ ಮೋಹನ, ಹಂಸಧ್ವನಿಗಳನ್ನು ನುಡಿಸುತ್ತಿದ್ದರು. "ಮೇಷ್ಟ್ರೇ, ಊದೋಕೆ ಉಸಿರಿಲ್ಲ, ಅದಕ್ಕೆ ತಂತಿ ಊದ್ತೀನಿ" ಎಂದು ನಗುತ್ತಿದ್ದರು. ಮೊದಲ ಕೆಲವು ವರ್ಷ ಅವರು ಮುದ್ರಿಸಿದ್ದು ಹಣ ಕೊಟ್ಟು ಕೊಂಡ ಒಂದು ತಂತ್ರಾಂಶದಲ್ಲಿ. ಆ ಗಣಕಯಂತ್ರ ಕೆಟ್ಟಿತು. ಹೊಸದರಲ್ಲಿ ತಂತ್ರಾಂಶವು ಪರವಾನಗಿ ಕೇಳಿತು. ಪರವಾನಗಿ ಕೊಡಬೇಕಾದವರು ಆ ಆವೃತ್ತಿಯನ್ನು ಎಂದೋ ಕೈಬಿಟ್ಟಿದ್ದರು. ಕಡತಗಳೇನೋ ಇವೆ, ತೆರೆಯುವಂತಿಲ್ಲ. ಉಳಿದದ್ದು ಸ್ನೇಹಿತರಿಗೆಂದು ಮಾಡಿಕೊಟ್ಟ ಒಂದಷ್ಟು ಎಂಪಿ3 ಹಾಡುಗಳು. 2013ರ ನಂತರ ಅವರು ಲಿನಕ್ಸ್ ಹಾಕಿಸಿಕೊಂಡು ಆರ್ಡರ್ ಎಂಬ ಮುಕ್ತ ತಂತ್ರಾಂಶದಲ್ಲಿ ಮುದ್ರಿಸತೊಡಗಿದರು, ಮೂರು ಸಾಲುಗಳನ್ನೂ ಹಿಡಿದು. 2019ರಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಗೈ ಸೋತಿತು. ಇನ್ನು ಅವರು ನುಡಿಸುವುದಿಲ್ಲ.

ಆರ್ಡರ್‌ನ ಜನಕ ಪಾಲ್ ಡೇವಿಸ್. ಅಮೆಜಾನ್ ಕಂಪನಿಯ ಆರಂಭದ ದಿನಗಳಲ್ಲಿ ಅಲ್ಲಿನ ಮೊದಲ ತಂತ್ರಾಂಶ ತಜ್ಞರಿಬ್ಬರಲ್ಲಿ ಅವರೊಬ್ಬರು. ಅಲ್ಲಿಂದ ಹೊರಬಂದವರು ಹೀಗೆ ಸಂಗೀತದ ಕಡೆಗೆ ಹೊರಳಿದರು. ಆರ್ಡರ್‌ಗೆ ಮಿಡಿ ಮುದ್ರಣದ ಸೌಕರ್ಯ ಬಂದದ್ದು 2013ರ ಮೂರನೆಯ ಆವೃತ್ತಿಯಿಂದ. ಇದಕ್ಕಿಂತ ಹೆಚ್ಚು ಜನ ಬಲ್ಲ ಆಡಾಸಿಟಿಯು 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಹೊರಬಂದ ಸೊಗಸಾದ ಉಪಕರಣ. ಮಾತಿನ ಮುದ್ರಣಕ್ಕೆ, ಹಳೆಯ ಕ್ಯಾಸೆಟ್ಟುಗಳನ್ನು ಗಣಕಕ್ಕೆ ಇಳಿಸಿಕೊಳ್ಳುವುದಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದು ಮಿಡಿಯನ್ನು ಮುದ್ರಿಸಿಕೊಳ್ಳುವುದಿಲ್ಲವಾದ್ದರಿಂದ ನಮ್ಮ ಈ ಕೆಲಸಕ್ಕೆ ಅರ್ಧ ದಾರಿಯಷ್ಟೇ ಬರುತ್ತದೆ.

ಮುಕ್ತ ತಂತ್ರಾಂಶದ ಬಗ್ಗೆ ಬರೆಯುವವರು ಅದರ ಕಷ್ಟಗಳನ್ನು ಮುಚ್ಚಿಡುವುದು ನನಗೆ ಹಿಡಿಸದು. ದನಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಜ್ಯಾಕ್ ಎಂಬ ವ್ಯವಸ್ಥೆ (ಇದೂ ಡೇವಿಸರದೇ) ಆ ಕಾಲದಲ್ಲಿ ಕೊಟ್ಟ ಕಾಟ ಸಾಮಾನ್ಯವಲ್ಲ. ಒಂದು ದಿನ ನಡೆದದ್ದು ಮರುದಿನ ನಡೆಯುತ್ತಿರಲಿಲ್ಲ. ಬಫರನ್ನು ಚಿಕ್ಕದಾಗಿಟ್ಟರೆ ದನಿಯಲ್ಲಿ ಚಟಪಟ ಸದ್ದು, ದೊಡ್ಡದಾಗಿಟ್ಟರೆ ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಅಂತರ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಬಫರ್ ಎಂದರೆ ಸುಮಾರು 5.3 ಮಿಲಿಸೆಕೆಂಡು, ಅಷ್ಟು ಹೊತ್ತಿನಲ್ಲಿ ಶಬ್ದವು ಗಾಳಿಯಲ್ಲಿ ಆರಡಿಯಷ್ಟು ದೂರ ಹೋಗುತ್ತದೆ. ಆರಡಿ ಆಚೆ ಕುಳಿತ ಪಕ್ಕವಾದ್ಯದವರ ದನಿ ನಮಗೆ ಮುಟ್ಟುವಷ್ಟೇ ತಡ. ಹೋಗುವಾಗೊಮ್ಮೆ ಬರುವಾಗೊಮ್ಮೆ ಸೇರಿದರೂ ಅದು ಸಹ್ಯ. ಇತ್ತೀಚೆಗೆ ಹಲವು ಲಿನಕ್ಸ್ ವಿತರಣೆಗಳಲ್ಲಿ ಪೈಪ್‌ವೈರ್ ಎಂಬ ಹೊಸ ವ್ಯವಸ್ಥೆ ಬಂದು ಈ ಕಾಟವನ್ನು ಬಹುಮಟ್ಟಿಗೆ ತಗ್ಗಿಸಿದೆ. ಸಿಂಥೆಸೈಜರಿನ ದನಿಯನ್ನು ಗಣಕದ ಮೂಲಕ ಸುತ್ತಿಸದೆ ಪೆಟ್ಟಿಗೆಯಿಂದಲೇ ನೇರವಾಗಿ ಕೇಳಿಸಿಕೊಂಡರೆ ಈ ತಡವೂ ಇಲ್ಲ. ಮಿತ್ರರು ಕಡೆಗೆ ಮಾಡಿಕೊಂಡದ್ದು ಅದನ್ನೇ.

ಮಿಡಿಯಲ್ಲಿ ಎಚ್ಚರ ವಹಿಸಬೇಕಾದ ಜಾಗ ಒಂದಿದೆ, ಅದು ನಮ್ಮ ಸಂಗೀತಕ್ಕೆ ಪ್ರಾಣಸಮಾನವಾದದ್ದು. ಸ್ವರವನ್ನು ಎಳೆಯುವ, ಜಾರಿಸುವ ಕ್ರಿಯೆಯನ್ನು ಮಿಡಿಯು ಸ್ವರದ ಜೊತೆಗೆ ಬೇರೊಂದು ಸಂದೇಶವಾಗಿ ಕಳಿಸುತ್ತದೆ. ಆ ಸಂದೇಶವು ಇಡೀ ಚಾನೆಲ್ಲಿಗೆ ಅನ್ವಯಿಸುವಂಥದು. ಆರು ತಂತಿಗಳನ್ನೂ ಒಂದೇ ಚಾನೆಲ್ಲಿನಲ್ಲಿ ಕಳಿಸಿದರೆ ಒಂದನ್ನು ಎಳೆದಾಗ ಎಲ್ಲವೂ ಎಳೆಯಲ್ಪಡುತ್ತವೆ. ಪೆಟ್ಟಿಗೆಯಲ್ಲಿ ತಂತಿಗೊಂದು ಚಾನೆಲ್ಲನ್ನು ಕೊಡಬೇಕು. ಎಳೆತದ ವ್ಯಾಪ್ತಿಯೂ ಎರಡೂ ಕಡೆ ಒಂದೇ ಇರಬೇಕು. ಪೆಟ್ಟಿಗೆಯು ಹನ್ನೆರಡು ಅರ್ಧಸ್ವರಗಳ ವ್ಯಾಪ್ತಿಯಲ್ಲಿ ಕಳಿಸುತ್ತಿದ್ದು, ಗಣಕದೊಳಗಿನ ವಾದ್ಯವು ವಾಡಿಕೆಯಂತೆ ಎರಡೇ ಅರ್ಧಸ್ವರಗಳಿಗೆ ಹೊಂದಿಕೊಂಡಿದ್ದರೆ, ಷಡ್ಜದಿಂದ ಪಂಚಮಕ್ಕೆ ಜಾರಿದ ಬೆರಳು ಶುದ್ಧ ರಿಷಭವನ್ನು ತುಸು ದಾಟಿ ನಿಂತುಬಿಡುತ್ತದೆ. ಗಮಕ ಸತ್ತಿತೆಂದು ಯಂತ್ರವನ್ನು ಬೈಯುವವರು ಮೊದಲು ಈ ಅಂಕಿಯನ್ನು ನೋಡಬೇಕು.

ಇಷ್ಟನ್ನೂ ಹಣದ ತಂತ್ರಾಂಶದಲ್ಲಿಯೂ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ಸುಲಭವಾಗಿಯೂ ಮಾಡಬಹುದು. ಹತ್ತು ವರ್ಷದ ಬಳಿಕ ತೆರೆಯಬಹುದೇ ಎಂಬುದು ನನ್ನ ಪ್ರಶ್ನೆ. ಗಿಟಾರುಗಳಿಗೆ ಹೆಸರಾದ ಗಿಬ್ಸನ್ ಕಂಪನಿಯು 1998ರಲ್ಲಿ ಆಪ್‌ಕೋಡ್ ಎಂಬ ಸಂಗೀತ ತಂತ್ರಾಂಶ ಸಂಸ್ಥೆಯನ್ನು ಕೊಂಡಿತು. ಸ್ವಲ್ಪ ಕಾಲದಲ್ಲೇ ಅದರ ಕೆಲಸ ನಿಂತುಹೋಯಿತು. ಅದೇ ಗಿಬ್ಸನ್ 2013ರಲ್ಲಿ ಕೇಕ್‌ವಾಕ್ ಅನ್ನು ಕೊಂಡು 2017ರಲ್ಲಿ ಅದರ ಅಭಿವೃದ್ಧಿಯನ್ನೂ ನಿಲ್ಲಿಸಿತು. ಮರುವರ್ಷ ಬೇರೊಂದು ಸಂಸ್ಥೆ ಕೊಂಡುಕೊಂಡದ್ದರಿಂದ ಅದು ಬದುಕಿತು. ಬಳಸುವವರ ಒಳಿತು ಹೀಗೆ ಯಾರದೋ ವ್ಯಾಪಾರದ ಲೆಕ್ಕಾಚಾರಕ್ಕೆ ಕಟ್ಟುಬಿದ್ದಿರುತ್ತದೆ. ಕನ್ನಡಿಗರಾದ ನಮಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಯುನಿಕೋಡ್ ರೂಢಿಯಾಗುವ ಮುನ್ನ ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತಕ್ರಮವಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಹಳೆಯ ಲೇಖನಗಳನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಪದಗಳಿಗೆ ಒದಗಿದ ಈ ಪಾಡು ಸ್ವರಗಳಿಗೂ ಒದಗಬೇಕೆ?

ಆರ್ಡರ್‌ನಲ್ಲಿ ಉಳಿಸಿದ ಕೆಲಸದ ಕಡತವು ಯಾವ ಸಾಧಾರಣ ಪಠ್ಯ ಸಂಪಾದಕದಲ್ಲಾದರೂ ತೆರೆದು ಓದಬಹುದಾದ ಬರಹ. ದನಿಯು ವೇವ್ ಕಡತಗಳಲ್ಲಿ ಪಕ್ಕದ ಕೋಶದಲ್ಲಿಯೇ ಇರುತ್ತದೆ, ಮಿಡಿಯೂ ಅಲ್ಲಿಯೇ. ನಾಳೆ ಆರ್ಡರ್ ಇಲ್ಲವಾದರೂ ಇವುಗಳಿಗೇನೂ ಆಗದು. ಜಾಗದ ಚಿಂತೆಯೂ ಬೇಡ: 24 ಬಿಟ್ಟಿನಲ್ಲಿ ಬರಿಯ ಗಿಟಾರಿನ ಒಂದು ಸಾಲು ನಿಮಿಷಕ್ಕೆ ಒಂಬತ್ತು ಮೆಗಾಬೈಟಿಗಿಂತ ಕಡಮೆ, ಗುಣ ಕೆಡಿಸದೆ ಕುಗ್ಗಿಸುವ ಫ್ಲ್ಯಾಕ್‌ಗೆ ಪರಿವರ್ತಿಸಿಟ್ಟರೆ ಇನ್ನೂ ಕಡಮೆ. ಮುಕ್ತ ತಂತ್ರಾಂಶದ ಒಡೆತನವೂ ಕೈಬದಲಾಗುವುದುಂಟು. ಆಡಾಸಿಟಿಯನ್ನು 2021ರಲ್ಲಿ ಮ್ಯೂಸ್ ಗ್ರೂಪ್ ವಹಿಸಿಕೊಂಡು, ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಮಾಡಿದಾಗ ಬಳಕೆದಾರರು ಎದ್ದು ನಿಂತರು; ಆ ಪ್ರಸ್ತಾಪವನ್ನು ಕೈಬಿಡಲಾಯಿತು. ಮೂಲ ಸಂಕೇತ ಎಲ್ಲರ ಕೈಯಲ್ಲಿದ್ದುದರಿಂದ ಕೆಲವರು ತಮ್ಮದೇ ಕವಲುಗಳನ್ನೂ ತೆಗೆದರು. ಇಂಥ ಜಗಳವಾಡುವ ಹಕ್ಕಾದರೂ ಉಳಿದಿರುವುದು ಮುಖ್ಯ. ಆರ್ಡರ್‌ನ ಸಿದ್ಧಪ್ರತಿಯನ್ನು ಅದರ ಕರ್ತೃಗಳಿಂದ ಪಡೆಯಲು ಸ್ವಲ್ಪ ಹಣ ಕೊಡಬೇಕಾಗುತ್ತದೆ. ಕೊಡಬೇಕೆಂದೇ ನನ್ನ ಸಲಹೆ. ಮುಕ್ತವೆಂದರೆ ಪುಕ್ಕಟೆ ಎಂದು ತಿಳಿಯುವ ನಮ್ಮ ಜಾಣತನ ನನಗೆ ಒಪ್ಪಿಗೆಯಲ್ಲ.

ಮಿತ್ರರ ಮಗಳು ನನ್ನ ಶಿಷ್ಯೆ. ಎರಡು ವರ್ಷದ ಹಿಂದೆ ತಂದೆಯ ಮುದ್ರಿಕೆಗಳನ್ನು ಆಕೆ ತೆರೆದಾಗ ನಾನೂ ಜೊತೆಗಿದ್ದೆ. 2014ರ ಹಂಸಧ್ವನಿಯ ಬರಿಯ ಗಿಟಾರಿನ ಸಾಲನ್ನು ಮೊದಲು ಹಾಕಿದಳು. ದಪ್ಪ ತಂತಿಯ ಮೇಲೆ ಬೆರಳು ಸರಿದ ಕಿರುಗು, ಕುರ್ಚಿಯ ನರಳಿಕೆ, ನಡುವೆ ಒಂದು ಅಳುಕು. ಹಳೆಯ ಎಂಪಿ3ಗಳ ನುಣುಪಾದ ಕೊಳಲಿನಲ್ಲಿ ಇದಾವುದೂ ಇಲ್ಲ. ಆಮೇಲೆ ಮಿಡಿಯ ಸಾಲನ್ನು ಫ್ಲೂಯಿಡ್‌ಸಿಂತ್ ಎಂಬ ಇನ್ನೊಂದು ಮುಕ್ತ ತಂತ್ರಾಂಶಕ್ಕೆ ಕೊಟ್ಟು, ಎಳೆತದ ವ್ಯಾಪ್ತಿಯನ್ನು ಸರಿಪಡಿಸಿ, ಕೊಳಲಿನ ಹೊಸ ದನಿಯೊಂದನ್ನು ಹಾಕಿದಳು. ಹಳೆಯ ಪೆಟ್ಟಿಗೆ ಅಷ್ಟರಲ್ಲಿ ಪೂರಾ ಕೆಟ್ಟಿತ್ತು; ಅದರ ಹಂಗೇ ಬೇಕಾಗಲಿಲ್ಲ.

ಮಿತ್ರರು ಪೂರ್ತಿ ಕೇಳಿದರು. "ಕೊಳಲು ಸಾಕಮ್ಮ, ಪಿಟೀಲು ಹಾಕಿ ನೋಡು" ಎಂದರು. ಆಕೆ ಹಾಕಿದಳು. ಎರಡನೆಯ ಆವರ್ತದ ನಿಷಾದ ತಮ್ಮದಲ್ಲ, ಯಂತ್ರ ಊಹಿಸಿಕೊಂಡದ್ದು ಎಂದು ಬಲಗೈಯಿಂದ ತೋರಿಸಿದರು. ಬರಿಯ ಗಿಟಾರಿನ ಸಾಲಿನೊಡನೆ ಹೋಲಿಸಿದಾಗ ಅವರ ಮಾತೇ ನಿಜವಾಗಿತ್ತು. ಆ ಒಂದು ಸ್ವರವನ್ನು ಅಳಿಸಿದೆವು. ಅಂದಿನಿಂದ ಭಾನುವಾರಗಳಲ್ಲಿ ತಂದೆ ಮಗಳು ಕುಳಿತು ಒಂದೊಂದಾಗಿ ತಿದ್ದುತ್ತಿದ್ದಾರೆ. ಇನ್ನೂ ಹತ್ತೊಂಬತ್ತು ಬಾಕಿ ಇವೆಯಂತೆ.