ಬಣ್ಣ ಕೇಳಬೇಡಿ, ಊರು ಕೇಳಿ



ಕಳೆದ ತಿಂಗಳು ಮಗಳ ಮನೆಗೆಂದು ಬೆಂಗಳೂರಿನ ಜಯನಗರಕ್ಕೆ ಹೋಗಿದ್ದೆ. ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿ ಕಂದು ಮೊಟ್ಟೆಗಳ ಬುಟ್ಟಿಗೆ ‘ನಾಟಿ, ಸಾವಯವ’ ಎಂಬ ಚೀಟಿ ಅಂಟಿಸಿದ್ದರು. ಬೆಲೆ ಬಿಳಿಯದರ ಎರಡರಷ್ಟು. ಯಾವ ಊರಿನದೆಂದು ಕೇಳಿದೆ. ಅಂಗಡಿಯವರಿಗೆ ಗೊತ್ತಿರಲಿಲ್ಲ.

ಚಿಪ್ಪಿನ ಬಣ್ಣ ತಳಿಯಿಂದ ಬರುವುದೇ ಹೊರತು ಸಾಕಣೆಯಿಂದಲ್ಲ. ಪಂಜರದಲ್ಲಿ ಸಾಕುವ ಕೆಲವು ತಳಿಗಳೂ ಕಂದು ಮೊಟ್ಟೆಯನ್ನೇ ಇಡುತ್ತವೆ. ಇನ್ನು, ಕಳೆನಾಶಕ ಹೊಡೆದ ತೋಟದಲ್ಲಿ ಕೆದಕುವ ಕೋಳಿ ನಾಟಿಯಾದೀತು, ಸಾವಯವವಾಗದು. ಸಾವಯವಕ್ಕೆ ಮೇವೂ ಸಾವಯವವೇ ಆಗಿರಬೇಕು.

ನಿಜವಾದ ನಾಟಿಗೆ ಹೆಚ್ಚು ಬೆಲೆ ಕೇಳುವುದು ಅನ್ಯಾಯವಲ್ಲ. ಪಂಜರದ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಟ್ಟರೆ ನಮ್ಮ ಹಿತ್ತಲಿನ ಹೇಂಟೆ ಇಡುವುದು 60–80. ಆದರೆ ಬೆಲೆ ನಿಂತಿರುವುದು ನಂಬಿಕೆಯ ಮೇಲೆ. ಕಾಫಿಪುಡಿಗೆ ಚಿಕೋರಿ ಬೆರೆಸಿದರೆ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಲೇಬೇಕು. ಬಿಡಿ ಮೊಟ್ಟೆಗೆ ಸಾಕಿದವನ ಮಾತೇ ಪೊಟ್ಟಣ.

ನಮ್ಮಲ್ಲಿ ಕೆಲವರು ಬೆಂಗಳೂರಿಗೆ ಮೊಟ್ಟೆ, ಕೋಳಿ ಕಳಿಸುತ್ತಿದ್ದೇವೆ. ಸಾಲದೇ ಬಂದಾಗ ಫಾರಂ ಮೊಟ್ಟೆ ಸೇರಿಸುವುದುಂಟೆಂಬ ಮಾತು ನನ್ನ ಕಿವಿಗೆ ಬಿದ್ದಿದೆ. ಇದು ನಿಲ್ಲಬೇಕು. ಒಬ್ಬರ ಬೆರಕೆಯಿಂದ ಎಲ್ಲರ ಹೆಸರೂ ಕೆಡುತ್ತದೆ; ಅಡಿಕೆ, ಕಾಫಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುಟ್ಟಿಯ ಮೇಲೆ ತೋಟದ ಹೆಸರು, ಊರು, ಮೊಟ್ಟೆ ತೆಗೆದ ದಿನ ಬರೆಯೋಣ. ಗಿರಿರಾಜ ಸಾಕಿದ್ದರೆ ಗಿರಿರಾಜ ಎಂದೇ ಬರೆಯೋಣ. ಮಾಂಸಕ್ಕೂ ಅದೇ ನಿಯಮವಿರಲಿ. ಪೇಟೆಯಲ್ಲಿರುವ ನಮ್ಮ ಮಕ್ಕಳಿಗೂ ಹೇಳೋಣ: ಕೊಳ್ಳುವಾಗ ಬಣ್ಣ ನೋಡಬೇಡಿ, ಸಾಕಿದವರು ಯಾರೆಂದು ಕೇಳಿ. ಉತ್ತರ ಸಿಗದಿದ್ದರೆ ಕಡಿಮೆ ಬೆಲೆಯ ಬಿಳಿ ಮೊಟ್ಟೆಯೇ ಲೇಸು.

– ಕಾರ್ಯದರ್ಶಿ