ಕತ್ತಲೆಗೆ ತೆರುವ ಬೆಲೆ: ಸೇವಂತಿಗೆ ಪಾಲಿಹೌಸ್‌ಗಳ ಕಪ್ಪು ಹಾಳೆಯ ಲೆಕ್ಕ

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದಂದಿನಿಂದ ವರ್ತಕರಿಗೂ ಕೃಷಿ ಜಮೀನಿನ ಬಾಗಿಲು ತೆರೆದಿದೆ. ಜವಳಿ, ಕಬ್ಬಿಣ, ದಿನಸಿ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಊರ ಹೊರಗಿನ ಒಂದೆರಡು ಎಕರೆಯಲ್ಲಿ, ಪಾಲಿಹೌಸ್ ಹೂವಿನ ಬೇಸಾಯದಲ್ಲಿ ತೊಡಗಿಸಬೇಕೆಂಬ ಆಸಕ್ತಿ ನಮ್ಮ ಸದಸ್ಯ ಬಾಂಧವರಲ್ಲಿ ಎದ್ದು ಕಾಣುತ್ತಿದೆ. ಈ ಆಸಕ್ತಿ ಸ್ವಾಗತಾರ್ಹ. ಆದರೆ ಬ್ಯಾಂಕ್ ಸಾಲಕ್ಕೆಂದು ಸಿದ್ಧವಾಗಿ ನನ್ನ ಮೇಜಿಗೆ ಬರುವ ಯೋಜನಾ ವರದಿಗಳನ್ನು ನೋಡಿದಾಗ ಒಂದು ಬಾಬಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕೆನಿಸುತ್ತದೆ. ಅದು ‘ಬ್ಲ್ಯಾಕ್‌ಔಟ್ ವ್ಯವಸ್ಥೆ’, ಅಂದರೆ ಬೆಳಕು ತೂರದಂತೆ ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಪಾಲಿಹೌಸನ್ನು ಕತ್ತಲೆಕೋಣೆಯಾಗಿಸುವ ಏರ್ಪಾಡು. ಯಂತ್ರಚಾಲಿತ ಪರದೆ, ಮೋಟಾರು, ಹಳಿ, ನಿಯಂತ್ರಣ ಫಲಕ ಎಲ್ಲ ಸೇರಿ ಇದು ದೊಡ್ಡ ಮೊತ್ತವೇ ಆಗುತ್ತದೆ. ಹೆಚ್ಚಿನ ವರದಿಗಳಲ್ಲಿ ಇದು ಏಕೆ ಬೇಕೆಂಬುದಕ್ಕೆ ಒಂದು ಸಾಲಿನ ಸಮರ್ಥನೆಯೂ ಇರುವುದಿಲ್ಲ.

ಕತ್ತಲೆಯ ಅಗತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಸೇವಂತಿಗೆ ಕಿರುಹಗಲಿನ ಗಿಡ. ಹಗಲು ದೀರ್ಘವಾಗಿದ್ದರೆ ಅದು ಎಲೆ, ಕಾಂಡಗಳನ್ನೇ ಬೆಳೆಸುತ್ತದೆ. ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗಿಗೆ ತಿರುಗುತ್ತದೆ. ಹಗಲಿನ ಅವಧಿಗೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಇದನ್ನು ಬಳಸಿಕೊಂಡೇ ಬೆಳೆಗಾರನು ಮೊದಲ ಮೂರು ನಾಲ್ಕು ವಾರ ರಾತ್ರಿ ದೀಪ ಉರಿಸಿ ಗಿಡವನ್ನು ಎತ್ತರಕ್ಕೆ ಬೆಳೆಸುತ್ತಾನೆ. ಅನಂತರ ಸಂಜೆ ಐದೂವರೆಯಿಂದ ಬೆಳಿಗ್ಗೆ ಏಳೂವರೆಯವರೆಗೆ, ಒಟ್ಟು 14 ಗಂಟೆ ಕಪ್ಪು ಹಾಳೆ ಮುಚ್ಚಿ ಹೂವಿಗೆ ಕರೆ ಕೊಡುತ್ತಾನೆ. ಬಯಲಿನ ಸೇವಂತಿಗೆ ತನ್ನ ಕಾಲಕ್ಕೇ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೋ ಮದುವೆಯ ಲಗ್ನಗಳಿಗೋ ದಿನ ಎಣಿಸಿ ಹೂ ಕೊಯ್ಯಬಲ್ಲವನಿಗೆ ಒಳ್ಳೆಯ ಬೆಲೆ ದೊರೆಯುತ್ತದೆ. ಬಂಡವಾಳದ ಸಮರ್ಥನೆ ಇರುವುದು ಇಲ್ಲಿ.

ಪ್ರಶ್ನೆ ಇರುವುದು ನಮ್ಮ ಅಕ್ಷಾಂಶದಲ್ಲಿ. ಹಾಲೆಂಡಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ಮೀರುತ್ತದೆ. ಅಲ್ಲಿ ಬೇಸಿಗೆಯ ಹೂವಿಗೆ ಪೂರ್ಣ ಕತ್ತಲೆಯ ಪರದೆ ಇಲ್ಲದೆ ಗತಿಯಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು 13 ಗಂಟೆಗೆ ಕೆಲವು ನಿಮಿಷ ಕಡಿಮೆಯೇ. ಡಿಸೆಂಬರ್‌ನಲ್ಲಿ ಅದು ಹನ್ನೊಂದೂಕಾಲು ಗಂಟೆಗೆ ತುಸು ಮೇಲಷ್ಟೇ. ಮುಂಬೆಳಗು, ಮುಸ್ಸಂಜೆಗಳ ಮಬ್ಬು ಬೆಳಕನ್ನು ಸೇರಿಸಿಕೊಂಡರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕೆಲವು ತಳಿಗಳಿಗೆ ಹಗಲು ಎಲ್ಲೆಗೆ ಹತ್ತಿರವಾಗುತ್ತದೆಂಬುದು ನಿಜ. ಆದರೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ನಿಸರ್ಗವೇ ಪುಕ್ಕಟೆಯಾಗಿ ಒದಗಿಸುವ ರಾತ್ರಿಯನ್ನು ನಾವೇಕೆ ಸಾಲ ಮಾಡಿ ಕೊಳ್ಳಬೇಕು? ಹಾಗೆ ನೋಡಿದರೆ ನಮ್ಮಲ್ಲಿ ಹೆಚ್ಚು ಅಗತ್ಯವಿರುವುದು ದೀಪ. ಹಾಳೆ ಬೇಕಾಗುವುದು ಬಹುಮಟ್ಟಿಗೆ ಆ ದೀಪದ ದೆಸೆಯಿಂದಲೇ. ಒಂದೇ ಪಾಲಿಹೌಸಿನಲ್ಲಿ ಹದಿನೈದು ದಿನಗಳ ಅಂತರದಲ್ಲಿ ನಾಟಿ ಮಾಡಿದಾಗ ಎಳೆಯ ಗಿಡಗಳ ಮೇಲೆ ರಾತ್ರಿ ಹತ್ತರಿಂದ ಎರಡರವರೆಗೆ ಉರಿಯುವ ದೀಪದ ಬೆಳಕು ಪಕ್ಕದ ಮಡಿಗಳ ಮೊಗ್ಗನ್ನು ಕೆಡಿಸುತ್ತದೆ.

ಈ ವ್ಯತ್ಯಾಸವನ್ನು ಕಿಲೋಗ್ರಾಂಗಳಲ್ಲಿ ನೋಡೋಣ, ಏಕೆಂದರೆ ಪಾಲಿಥೀನ್ ಮಾರಾಟವಾಗುವುದು ತೂಕದಲ್ಲಿ. 100 ಮೈಕ್ರಾನ್ ದಪ್ಪದ ಹಾಳೆ ಚದರ ಮೀಟರಿಗೆ ಸುಮಾರು 92 ಗ್ರಾಂ ತೂಗುತ್ತದೆ. 25 ಮೀಟರ್ ಅಗಲ, 40 ಮೀಟರ್ ಉದ್ದದ ಪಾಲಿಹೌಸಿಗೆ ಮೂರು ಮೀಟರ್ ಎತ್ತರದಲ್ಲಿ ಮೇಲುಹಾಸು ಮತ್ತು ಸುತ್ತಲ ಪರದೆ ಸೇರಿದರೆ 1,390 ಚದರ ಮೀಟರ್. ಅಂಚುಗಳ ಮೇಲುಹೊದಿಕೆಗೆ ಶೇ. 10 ಸೇರಿಸಿದರೆ ಸುಮಾರು 1,530. ತೂಕ ಸುಮಾರು 141 ಕಿಲೋ. ಅದೇ ಪಾಲಿಹೌಸಿನ ನಡುವೆ ದೀಪದ ಭಾಗವನ್ನು ಬೇರ್ಪಡಿಸಲು ನೆಲದಿಂದ ಚಾವಣಿಯವರೆಗೆ ಸರಾಸರಿ ಐದು ಮೀಟರ್ ಎತ್ತರದ ಒಂದು ಅಡ್ಡಪರದೆ ಕಟ್ಟಿದರೆ 125 ಚದರ ಮೀಟರ್. ತೂಕ ಹನ್ನೊಂದೂವರೆ ಕಿಲೋ. ಮೊದಲನೆಯದಕ್ಕೆ ತಂತಿ, ರಾಟೆ, ಗಳಗಳ ಚೌಕಟ್ಟು ಬೇಕು. ಎರಡನೆಯದಕ್ಕೆ ಬಿಗಿಯಾಗಿ ಕಟ್ಟಿದ ಎರಡು ತಂತಿ ಸಾಕು. ವರದಿ ಬರೆದವರು ಈ ಎರಡನೆಯ ದಾರಿಯನ್ನು ಪ್ರಸ್ತಾಪಿಸದೇ ಇರುವುದು ನನಗೆ ಸರಿ ಕಾಣುವುದಿಲ್ಲ.

ಹಾಳೆ ಕೊಳ್ಳುವಾಗಲೂ ತಕ್ಕಡಿ ನೆರವಿಗೆ ಬರುತ್ತದೆ. ನೂರು ಮೈಕ್ರಾನ್ ಎಂದು ಬಿಲ್ಲಿನಲ್ಲಿದ್ದು, ಹತ್ತು ಚದರ ಮೀಟರ್ ತುಂಡು 700 ಗ್ರಾಂ ಮಾತ್ರ ತೂಗಿದರೆ ಅದು 75 ಮೈಕ್ರಾನಿನ ಸರಕು. ಮರುಬಳಕೆಯ ಅಗ್ಗದ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ನಡುಹಗಲಿನಲ್ಲಿ ಒಳಗೆ ನಿಂತು, ಹತ್ತು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸುತ್ತ ನೋಡಿದರೆ ಅವೆಲ್ಲ ನಕ್ಷತ್ರಗಳಂತೆ ಕಾಣುತ್ತವೆ. ತೂತಿಗಿಂತ ಹೆಚ್ಚಾಗಿ ಬೆಳಕು ನುಗ್ಗುವುದು ಜೋಡಣೆಗಳಲ್ಲಿ, ಬಾಗಿಲಲ್ಲಿ, ನೆಲದಂಚಿನಲ್ಲಿ. ಆದ್ದರಿಂದ ಅಂಚುಗಳನ್ನು ಒಂದರ ಮೇಲೊಂದು ಅರ್ಧ ಮೀಟರಿನಷ್ಟು ಹಾಯಿಸಿ, ಕೆಳತುದಿಯನ್ನು ಮಣ್ಣಿನಲ್ಲಿ ಹೂಳುವುದು ಅಥವಾ ಮರಳಿನ ಚೀಲ ಹೇರುವುದು ವಾಡಿಕೆ. ಬಾಗಿಲಿಗೆ ಒಂದರ ಹಿಂದೊಂದು ಎರಡು ಪರದೆ ಇರಬೇಕು.

ಇನ್ನು ಬಿಸಿಲಿನ ಮಾತು. ಏಪ್ರಿಲ್ ತಿಂಗಳ ಸಂಜೆ ಐದೂವರೆಗೆ ಕಪ್ಪು ಹಾಳೆ ಎಳೆದರೆ ಒಳಗೆ ಒಲೆಯ ಮೇಲಿಟ್ಟಂತಾಗುತ್ತದೆ. ಹಾಳೆಯಡಿಯ ಉಷ್ಣಾಂಶ 30 ಡಿಗ್ರಿ ಮೀರಿ ನಿಂತರೆ ಮೊಗ್ಗು ತಡವಾಗುತ್ತದೆ. ಹಬ್ಬ ಕಳೆದ ಮೇಲೆ ಹೂ ಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹೊರಮೈ ಬಿಳುಪಾಗಿರುವ, ಒಳಮೈ ಕಪ್ಪಾಗಿರುವ ಎರಡು ಪದರದ ಹಾಳೆ ದುಬಾರಿಯಾದರೂ ಇಲ್ಲಿ ಹಣಕ್ಕೆ ತಕ್ಕ ವಸ್ತು. ಇನ್ನೊಂದು ಉಪಾಯವೆಂದರೆ ಹೊರಗೆ ಕತ್ತಲಾದ ಮೇಲೆ ಹಾಳೆ ಸರಿಸಿ ಗಾಳಿಯಾಡಲು ಬಿಟ್ಟು, ಬೆಳಕು ಹರಿಯುವ ಮುನ್ನ ಮತ್ತೆ ಮುಚ್ಚುವುದು.

ಆದರೆ ಪ್ರತಿ ಬಾರಿ ಎಳೆಯುವುದಕ್ಕೂ ಕೂಲಿಯುಂಟು. ಮೊಗ್ಗು ಬಣ್ಣ ತೋರಿದ ಮೇಲೆ ಕತ್ತಲೆ ಬೇಕಿಲ್ಲವಾದ್ದರಿಂದ ಆರು ವಾರವೆಂದು ಹಿಡಿಯೋಣ. ದಿನಕ್ಕೆ ಎರಡು ಬಾರಿ, ಇಬ್ಬರು ಆಳು, ತಲಾ ಒಂದು ಗಂಟೆ ಎಂದಿಟ್ಟುಕೊಂಡರೆ 168 ಗಂಟೆ, ಅಂದರೆ 21 ಆಳುದಿನ. ಗಾಳಿಯಾಡಿಸಲು ದಿನಕ್ಕೆ ನಾಲ್ಕು ಬಾರಿಯಾದರೆ 42 ಆಳುದಿನ. ಭಾನುವಾರವೆಂದು ಗಿಡಕ್ಕೆ ರಜೆಯಿಲ್ಲ. ಯೋಜನಾ ವರದಿಗಳಲ್ಲಿ ಈ ಕೂಲಿ ‘ಇತರೆ ವೆಚ್ಚ’ದೊಳಗೆ ಅಡಗಿ ಕುಳಿತಿರುತ್ತದೆ. ಇದನ್ನು ಹೊರಗೆಳೆದು ಬರೆದಾಗ ಮಾತ್ರ ಮೋಟಾರು ಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ಎರಡು ಸಾವಿರ ಚದರ ಮೀಟರ್ ಮೀರಿದ, ವರ್ಷವಿಡೀ ನಾಟಿ ಮಾಡುವ ಘಟಕಕ್ಕೆ ಮೋಟಾರು ಲಾಭಕರವಾದರೂ ಆದೀತು.

ತೆರಿಗೆಯ ವಿಷಯದಲ್ಲಿ ಸದಸ್ಯರಿಗೆ ಇರುವ ಉತ್ಸಾಹ ಸ್ವಲ್ಪ ಹೆಚ್ಚೇ ಎನ್ನಬೇಕು. ಪಾಲಿಹೌಸಿನ ಮಣ್ಣಿನಲ್ಲಿ ಬೆಳೆದ ಹೂವಿನ ಆದಾಯ ಕೃಷಿ ಆದಾಯವೇ. ನಿಯಂತ್ರಿತ ಕೋಣೆಯಲ್ಲಿ ಬೆಳೆದ ಬಿಳಿ ಅಣಬೆಯ ಆದಾಯವನ್ನು ಕೂಡ ಹೈದರಾಬಾದಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ವಿಶೇಷ ಪೀಠವು 2018ರಲ್ಲಿ ಇನ್ವೆಂಟಾ ಇಂಡಸ್ಟ್ರೀಸ್ ಪ್ರಕರಣದಲ್ಲಿ ಕೃಷಿ ಆದಾಯವೆಂದೇ ಪರಿಗಣಿಸಿದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲೂ ಈ ವಿನಾಯಿತಿ ಮುಂದುವರಿದಿದೆ. ಆದರೆ ನಾಣ್ಯಕ್ಕೆ ಎರಡು ಮುಖ. ವಿನಾಯಿತಿಯ ಆದಾಯಕ್ಕಾಗಿ ತೆತ್ತ ಬಡ್ಡಿ ಅಂಗಡಿಯ ಲಾಭದಿಂದ ಕಳೆಯುವಂತಿಲ್ಲ. ಹೂವಿನಲ್ಲಿ ನಷ್ಟವಾದರೆ ಆ ನಷ್ಟವನ್ನು ವ್ಯಾಪಾರದ ಲಾಭಕ್ಕೆ ಹೊಂದಿಸುವಂತಿಲ್ಲ. ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬಗಳ ಮಟ್ಟಿಗೆ ಕೃಷಿ ಆದಾಯ ತೆರಿಗೆ ದರವನ್ನು ನಿರ್ಧರಿಸಲು ಲೆಕ್ಕಕ್ಕೆ ಬರುತ್ತದೆಂಬುದನ್ನೂ ಮರೆಯಬಾರದು.

ಜಿಎಸ್‌ಟಿಯಲ್ಲೂ ಹೀಗೆಯೇ. ತಾಜಾ ಹೂವಿಗೆ ತೆರಿಗೆಯಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೊಟ್ಟ ಶೇ. 18 ತೆರಿಗೆ ಹಿಂದಕ್ಕೆ ಬಾರದು, ಅದನ್ನು ಯೋಜನಾ ವೆಚ್ಚಕ್ಕೇ ಸೇರಿಸಬೇಕು. ಅಂಗಡಿಯ ನೋಂದಣಿ ಸಂಖ್ಯೆಯಲ್ಲಿ ಹಾಳೆ ಖರೀದಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಪದ್ಧತಿ ಅಲ್ಲಲ್ಲಿ ಕಾಣಬರುತ್ತಿದೆ. ಇದು ಸಲ್ಲದು, ಪರಿಶೀಲನೆಯಲ್ಲಿ ಸಿಕ್ಕಿದರೆ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಗುತ್ತದೆ. ಪಾಲಿಹೌಸಿನ ಬಿಲ್ಲು, ಬ್ಯಾಂಕ್ ಖಾತೆ, ಲೆಕ್ಕಪುಸ್ತಕಗಳನ್ನು ಮೊದಲ ದಿನದಿಂದಲೇ ಬೇರೆಯಾಗಿ ಇಡುವುದು ಕ್ಷೇಮ. ಸಹಾಯಧನದ ಅರ್ಜಿಯೊಡನೆ ತೋಟಗಾರಿಕೆ ಇಲಾಖೆಗೆ ಕೊಡಬೇಕಾದ ದಾಖಲೆಗಳೂ ಆಗ ಒಂದೇ ಕಡೆ ದೊರೆಯುತ್ತವೆ.